ಹಾಲ್‌ನ ಟಿವಿ ರೂಮಿಗೂ ಬೇಕೇ? ತಂತಿ ಎಳೆಯದೆ ಚಿತ್ರ, ಸದ್ದು ಕಳಿಸುವ ದಾರಿಗಳ ಹೋಲಿಕೆ

ಹಾಲ್‌ನಲ್ಲಿ ಸೆಟ್‌ಟಾಪ್ ಬಾಕ್ಸ್ ಇದೆ. ಒಳಗಿನ ರೂಮಿನಲ್ಲಿ ಹಳೇ ಟಿವಿ ಸುಮ್ನೆ ಕೂತಿದೆ. ಗೋಡೆ ಕೊರೆಯದೆ, ಜಾಸ್ತಿ ದುಡ್ಡು ಸುರಿಯದೆ ಇಲ್ಲಿಂದ ಅಲ್ಲಿಗೆ ಚಿತ್ರ ಕಳಿಸೋದು ಹೇಗೆ? ಮೈಸೂರು, ಮಂಡ್ಯ ಕಡೆಯ ಓದುಗರು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಕುವೆಂಪುನಗರದ ಒಬ್ಬರಿಗೆ ಮಹಡಿ ಮೇಲಿನ ರೂಮಿಗೆ ಕ್ರಿಕೆಟ್ ಬೇಕು. ಮಂಡ್ಯದ ಅಶೋಕನಗರದ ಒಬ್ಬರಿಗೆ ಚಿತ್ರ ಬೇಡ, ಕಿವಿ ಮಂದವಾಗಿರುವ ತಂದೆಗೆ ಟಿವಿ ಸದ್ದು ಕೇಳಿಸಿದರೆ ಸಾಕು. ಬಾಡಿಗೆ ಮನೆಯಲ್ಲಿರುವ ಇನ್ನೊಬ್ಬರಿಗೆ ಓನರ್ ಒಂದು ಮೊಳೆ ಹೊಡೆಯಲೂ ಬಿಡುತ್ತಿಲ್ಲ. ಎಲ್ಲರ ಕಣ್ಣೂ ಆನ್‌ಲೈನ್‌ನಲ್ಲಿ ಕಂಡ, ಒಂದು ಚಿತ್ರ ಕಳಿಸಿ ಇನ್ನೊಂದು ಹಿಡಿದುಕೊಳ್ಳುವ ‘ವೈರ್‌ಲೆಸ್ ಎಚ್‌ಡಿಎಂಐ’ ಜೋಡಿ ಡಬ್ಬಿಗಳ ಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಡಬ್ಬಿ ಕೊಳ್ಳಲು ಹೊರಟವರಲ್ಲಿ ಬಹಳ ಜನಕ್ಕೆ ಅದು ಬೇಕಾಗಿಯೇ ಇರುವುದಿಲ್ಲ. ಹೇಗೆ ಕಳಿಸೋದು ಅಂತ ಕೇಳುವ ಮೊದಲು, ಏನನ್ನು ಕಳಿಸಬೇಕು ಅಂತ ನೋಡಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮುಖ್ಯ, ಕಾರ್ಯಕ್ರಮ ಎಲ್ಲಿಂದ ಬರುತ್ತಿದೆ ಅನ್ನೋದು. ಯೂಟ್ಯೂಬ್, ಜಿಯೋಹಾಟ್‌ಸ್ಟಾರ್, ಸನ್ ನೆಕ್ಸ್ಟ್ ಥರದ್ದಾದರೆ ಅದು ನಿಮ್ಮ ಹಾಲ್‌ನಲ್ಲಿ ಇಲ್ಲವೇ ಇಲ್ಲ, ಇಂಟರ್ನೆಟ್‌ನಲ್ಲಿದೆ. ಅದನ್ನು ಹಾಲ್‌ನಿಂದ ರೂಮಿಗೆ ಸಾಗಿಸುವ ಕೆಲಸವೇ ಇಲ್ಲ. ರೂಮಿನ ಟಿವಿ ತಾನೇ ತರಿಸಿಕೊಳ್ಳುತ್ತದೆ. ಡಿಟಿಎಚ್ ಅಥವಾ ಕೇಬಲ್ ಬಾಕ್ಸ್‌ನದ್ದಾದರೆ, ಡಿವಿಡಿ ಪ್ಲೇಯರ್‌ನದ್ದಾದರೆ ಮಾತ್ರ ಸಾಗಿಸುವ ಪ್ರಶ್ನೆ ಬರುತ್ತದೆ.

ಎರಡನೆಯದು ಗೋಡೆ. ದೂರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಡೆ ಸಾಮಾನ್ಯವಾದ 30x40 ಸೈಟಿನಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೂ 50 ಅಡಿ, ಅಂದರೆ 15 ಮೀಟರ್ ಅಷ್ಟೇ. ಡಬ್ಬಿ ಮೇಲೆ ‘50 ಮೀಟರ್’, ‘100 ಮೀಟರ್’ ಅಂತ ಬರೆದಿರುತ್ತದಲ್ಲ, ಅದು ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ. ಮನೆಯೊಳಗೆ ಲೆಕ್ಕಕ್ಕೆ ಬರೋದು ನಡುವೆ ಎಷ್ಟು ಗೋಡೆ, ಎಂಥ ಗೋಡೆ ಅನ್ನೋದು. ಈಗಿನ ಮನೆಗಳ ಒಳಗಿನ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಅಷ್ಟೇನೂ ಕಾಡೋದಿಲ್ಲ. ಒಂಬತ್ತು ಇಂಚಿನದು ಕಾಡುತ್ತದೆ. ಮಹಡಿಯ ಆರ್‌ಸಿಸಿ ಸ್ಲ್ಯಾಬ್ ಇನ್ನೂ ಜಾಸ್ತಿ, ಒಳಗೆ ಕಬ್ಬಿಣದ ಸರಳುಗಳಿರುತ್ತವಲ್ಲ. ಅಗ್ರಹಾರದ ಕಡೆಯ ಹಳೇ ಮನೆಗಳ ಒಂದೂವರೆ ಅಡಿ ದಪ್ಪದ ಗೋಡೆ, ಹಳ್ಳಿಮನೆಗಳ ಮಣ್ಣಿನ ಗೋಡೆ ಇವೆಲ್ಲ ಸಿಗ್ನಲ್ಲನ್ನು ಚೆನ್ನಾಗಿಯೇ ನುಂಗುತ್ತವೆ. ಜನ ಮರೆಯೋದು ಕಬ್ಬಿಣದ ಬೀರುವನ್ನು. ಗೋಡೆಗೆ ಒರಗಿಸಿಟ್ಟ ಒಂದು ಬೀರು, ಅದರ ಆಳುದ್ದ ಕನ್ನಡಿ ಎರಡೂ ಸೇರಿ ಒಳ್ಳೇ ಸಿಗ್ನಲ್ಲನ್ನು ಕೆಡಿಸಬಲ್ಲವು.

ಮೂರನೆಯದು ತಡ. ಚಿತ್ರ, ಸದ್ದು ಎರಡೂ ಒಟ್ಟಿಗೆ ತಡವಾದರೆ ಧಾರಾವಾಹಿ ನೋಡುವವರಿಗೆ ಗೊತ್ತೇ ಆಗೋಲ್ಲ. ಬರೀ ಸದ್ದು ತಡವಾದರೆ ಗೊತ್ತಾಗುತ್ತದೆ. ಸದ್ದು ಚಿತ್ರಕ್ಕಿಂತ ಸೆಕೆಂಡಿನ ಸಾವಿರದಲ್ಲಿ 125 ಭಾಗದಷ್ಟು ಹಿಂದೆ ಬಿದ್ದರೆ, ಅಥವಾ 45 ಭಾಗದಷ್ಟು ಮುಂದೆ ಬಂದರೆ ನೋಡುವವರು ಗುರುತಿಸುತ್ತಾರೆ ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಬ್ಲೂಟೂತ್‌ಗೆ ಬಂದಾಗ ಈ 125 ನೆನಪಿರಲಿ.

ಇನ್ನು ರಿಮೋಟ್. ರೂಮಿನಲ್ಲಿ ಕೂತು ಹಾಲ್‌ನ ಬಾಕ್ಸ್‌ನ ಚಾನೆಲ್ ಬದಲಿಸೋದು ಹೇಗೆ? ದುಡ್ಡಿನ ಮಾತಲ್ಲಿ, ಒಂದೇ ಸಲ ಕೊಡೋದೋ, ತಿಂಗಳು ತಿಂಗಳು ಕೊಡೋದೋ? ಕೊನೆಗೆ, ಅದನ್ನು ಬಳಸುವವರು ಯಾರು? ಅಜ್ಜಿ ಬಳಸುವುದಾದರೆ ಮೂರು ರಿಮೋಟ್ ಕೊಟ್ಟು ‘ಮೊದಲು ಇದನ್ನ ಒತ್ತಿ, ಆಮೇಲೆ ಸೋರ್ಸ್ ಬದಲಿಸಿ’ ಅನ್ನುವ ಯಾವ ಏರ್ಪಾಡೂ ಒಂದು ವಾರ ಬಾಳೋಲ್ಲ.

ಇಂಟರ್ನೆಟ್‌ನದ್ದಾದರೆ: ಸ್ಟಿಕ್ ಸಾಕು

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು, ರೂಮಿನ ಟಿವಿಯಲ್ಲಿ ಎಚ್‌ಡಿಎಂಐ ತೂತು (ಚಿತ್ರ, ಸದ್ದು ಎರಡೂ ಒಂದೇ ತಂತಿಯಲ್ಲಿ ಬರುವ ಜಾಗ) ಇದ್ದರೆ ಮೂರರಿಂದ ಐದು ಸಾವಿರದೊಳಗಿನ ಒಂದು ಸ್ಟ್ರೀಮಿಂಗ್ ಸ್ಟಿಕ್ (ಇಂಟರ್ನೆಟ್‌ನ ಕಾರ್ಯಕ್ರಮವನ್ನು ಟಿವಿಗೆ ತರುವ ಪುಟ್ಟ ಕಡ್ಡಿ) ಹಾಕಿ ಕೈ ತೊಳೆದುಕೊಳ್ಳಿ. ಹಾಲ್‌ನಲ್ಲಿ ಒಂದು, ರೂಮಿನಲ್ಲಿ ಬೇರೊಂದು ನೋಡಬಹುದು. ಅದಕ್ಕೆ ಅದರದೇ ರಿಮೋಟ್ ಇರುತ್ತದೆ. ಪೂರ್ತಿ ಎಚ್‌ಡಿ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳೋದು ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15. ಇವತ್ತಿನ ಸಣ್ಣ ಫೈಬರ್ ಪ್ಲಾನ್ ಕೂಡ ಇದಕ್ಕೆ ಧಾರಾಳವಾಯಿತು. ತೊಂದರೆ ಇರೋದು ಪ್ಲಾನ್‌ನಲ್ಲಲ್ಲ, ರೂಟರ್ ಕೂತಿರುವ ಜಾಗದಲ್ಲಿ. ಫೈಬರ್ ಹಾಕಲು ಬಂದ ಹುಡುಗ ತಂತಿ ಒಳಗೆ ಬಂದ ಮೂಲೆಯಲ್ಲೇ ರೂಟರ್ ಸಿಕ್ಕಿಸಿ ಹೋಗಿರುತ್ತಾನೆ. ಅದನ್ನು ಮನೆಯ ನಡುಭಾಗಕ್ಕೆ, ಆಳೆತ್ತರಕ್ಕೆ ತಂದಿಟ್ಟರೆ ಎಷ್ಟೋ ಮನೆಗಳಲ್ಲಿ ಬೇರೇನೂ ಕೊಳ್ಳಬೇಕಾಗಿಲ್ಲ.

ಸ್ಟಿಕ್ಕಿಗೆ ಕರೆಂಟನ್ನು ಟಿವಿಯ ಯುಎಸ್‌ಬಿ ತೂತಿನಿಂದ ಕೊಡಬೇಡಿ. ಹಳೇ ಟಿವಿಗಳಲ್ಲಿ ಅಲ್ಲಿ ಅರ್ಧ ಆಂಪಿಯರ್ ಮಾತ್ರ ಸಿಗುತ್ತದೆ, ಸ್ಟಿಕ್ ನಡುನಡುವೆ ಆಫ್ ಆಗಿ ಆನ್ ಆಗುತ್ತಿರುತ್ತದೆ. ಅದರ ಜೊತೆ ಬಂದ ಅಡಾಪ್ಟರನ್ನೇ ಹಾಕಿ.

ಸ್ಟಿಕ್ಕೂ ಬೇಡ, ಫೋನಿನಿಂದಲೇ ಟಿವಿಗೆ ಹಾಕುತ್ತೇನೆ ಅನ್ನುವವರು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಅಂದುಕೊಂಡಿರುತ್ತಾರೆ. ಕಾಸ್ಟ್ ಮಾಡಿದಾಗ ಫೋನ್ ಬರೀ ‘ಇದನ್ನು ಹಾಕು’ ಅಂತ ಹೇಳುತ್ತದೆ, ಟಿವಿ ನೇರವಾಗಿ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಆಮೇಲೆ ಫೋನಿನಲ್ಲಿ ಮಾತಾಡಿದರೂ ಚಿತ್ರ ನಿಲ್ಲೋಲ್ಲ. ಸ್ಕ್ರೀನ್ ಮಿರರಿಂಗ್‌ನಲ್ಲಿ ಫೋನಿನ ಪರದೆಯನ್ನೇ ಪೂರ್ತಿಯಾಗಿ ಗಾಳಿಯಲ್ಲಿ ಕಳಿಸಬೇಕು. ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಕರಗುತ್ತದೆ, ವಾಟ್ಸಾಪ್ ಮೆಸೇಜು ಬಂದರೆ ಅದೂ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತದೆ. 2012ರಲ್ಲಿ ಬಂದ ಮಿರಾಕಾಸ್ಟ್ ಅನ್ನುವ ಮಿರರಿಂಗ್ ವಿಧಾನಕ್ಕೆ ರೂಟರ್ ಬೇಡ, ಎರಡು ಸಾಧನಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಹಾಗಾಗಿ ನೆಟ್ ಇಲ್ಲದ ಮನೆಯಲ್ಲಿ ಫೋಟೊ ತೋರಿಸಲು ಪರವಾಗಿಲ್ಲ. ಐಫೋನಿನಲ್ಲಿ ಮಿರಾಕಾಸ್ಟ್ ನಡೆಯೋಲ್ಲ, ಅದಕ್ಕೆ ಆಪಲ್‌ನದೇ ವಿಧಾನವಾದ ಏರ್‌ಪ್ಲೇ ಇರುವ ಟಿವಿ ಬೇಕು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಹತ್ತಿರದ ಟಿವಿಗಳ ಪಟ್ಟಿ ಬರುತ್ತದೆ. ದಿನಾ ನೋಡೋಕೆ ಮಿರರಿಂಗ್ ನೆಚ್ಚಿಕೊಳ್ಳಬೇಡಿ.

ಕಾಸ್ಟ್ ಮಾಡಲು ಹೋದಾಗ ಟಿವಿ ಹೆಸರೇ ಕಾಣುತ್ತಿಲ್ಲ ಅಂದರೆ, ಫೋನು ಒಂದು ವೈಫೈನಲ್ಲಿ, ಟಿವಿ ಇನ್ನೊಂದರಲ್ಲಿ ಇರುತ್ತದೆ. ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಸಿದ ಟಿವಿಯೂ ಹೀಗೇ ಮಾಡುತ್ತದೆ.

ಡಿಟಿಎಚ್ ಚಾನೆಲ್ಲುಗಳೇ ಬೇಕು ಅನ್ನುವವರೂ ಒಮ್ಮೆ ತಮ್ಮ ಕಂಪನಿಯ ಆಪ್ ನೋಡಲಿ. ದುಡ್ಡು ಕಟ್ಟಿರುವ ಚಾನೆಲ್ಲುಗಳಲ್ಲಿ ಹಲವು ಆಪ್‌ನಲ್ಲೂ ನೇರವಾಗಿ ಬರುತ್ತಿರಬಹುದು. ದೂರದರ್ಶನದ ಚಾನೆಲ್ಲುಗಳಿಗೆ ಪ್ರಸಾರ ಭಾರತಿಯ ವೇವ್ಸ್ ಆಪ್ 2024ರ ನವೆಂಬರ್‌ನಲ್ಲಿ ಬಂದಿದೆ. ಒಂದೇ ತೊಡಕು, ಆಪ್‌ನಲ್ಲಿ ಬರುವ ನೇರಪ್ರಸಾರ ಡಿಟಿಎಚ್‌ಗಿಂತ ಎಷ್ಟೋ ಸೆಕೆಂಡು ಹಿಂದಿರುತ್ತದೆ. ರೂಮಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಹಾಲ್‌ನಲ್ಲಿ ‘ಔಟ್!’ ಅಂತ ಕೂಗು ಎದ್ದಿರುತ್ತದೆ. ಧಾರಾವಾಹಿಗೆ ಇದೊಂದು ವಿಷಯವೇ ಅಲ್ಲ. ಕ್ರಿಕೆಟ್‌ಗೆ ಮಾತ್ರ ಮನೆಯಲ್ಲಿ ಜಗಳ ಗ್ಯಾರಂಟಿ.

ಬಾಕ್ಸ್‌ನದ್ದೇ ಬೇಕಾದರೆ: ವೈರ್‌ಲೆಸ್ ಎಚ್‌ಡಿಎಂಐ

ಈಗ ಆ ಜೋಡಿ ಡಬ್ಬಿಗಳ ವಿಷಯ. ಒಂದನ್ನು ಸೆಟ್‌ಟಾಪ್ ಬಾಕ್ಸ್‌ಗೆ, ಇನ್ನೊಂದನ್ನು ರೂಮಿನ ಟಿವಿಗೆ ಸಿಕ್ಕಿಸಬೇಕು. ವೈಫೈ ಇರಲಿ ಬಿಡಲಿ, ಅವೆರಡೂ ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತವೆ. ಪೂರ್ತಿ ಎಚ್‌ಡಿ ಚಿತ್ರ ಕುಗ್ಗಿಸದೆ ಹೋದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಆಗುತ್ತದೆ. ಅಷ್ಟನ್ನು ಗೋಡೆ ದಾಟಿಸಲು ಅಗ್ಗದ ರೇಡಿಯೊಗೆ ಆಗೋಲ್ಲ. ಹಾಗಾಗಿ ಕಳಿಸುವ ಡಬ್ಬಿ, ಹಾಸಿಗೆ ಸುತ್ತಿ ಕಟ್ಟಿದ ಹಾಗೆ, ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಆ ಕಡೆಯದು ಬಿಚ್ಚಿ ಹರಡುತ್ತದೆ. ಈ ಸುತ್ತಿ ಬಿಚ್ಚುವ ಕೆಲಸದಲ್ಲೇ ಒಂದಿಷ್ಟು ಹೊತ್ತು ಹಿಡಿಯೋದು. ಅಗ್ಗದವುಗಳಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ. ಚಿತ್ರ, ಸದ್ದು ಜೊತೆಯಾಗಿಯೇ ತಡವಾಗುವುದರಿಂದ ತುಟಿಗೂ ಮಾತಿಗೂ ಹೊಂದುತ್ತದೆ. ಆದರೆ ಎರಡೂ ಟಿವಿಯ ಸದ್ದು ಜೋರಾಗಿಟ್ಟರೆ, ನಡುವಿನ ಅಡುಗೆಮನೆಯಲ್ಲಿ ನಿಂತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳಿಸುತ್ತದೆ.

ಇವುಗಳಲ್ಲಿ ಎರಡು ಜಾತಿ. 5 ಗಿಗಾಹರ್ಟ್ಸ್ ರೇಡಿಯೊ ತರಂಗದವು ಒಂದೆರಡು ಗೋಡೆ ದಾಟುತ್ತವೆ, ಐದಾರು ಸಾವಿರದಿಂದ ಶುರುವಾಗಿ ಹದಿನೈದು ಸಾವಿರದವರೆಗೂ ಹೋಗುತ್ತವೆ. 60 ಗಿಗಾಹರ್ಟ್ಸ್‌ನವು ಕುಗ್ಗಿಸದೆ, ತಡವಿಲ್ಲದೆ ಕಳಿಸುತ್ತವೆ. ಆದರೆ ಅವು ಒಂದೇ ಕೋಣೆಯೊಳಗೆ, ಎದುರುಬದುರು ಇಡೋಕೆ ಮಾಡಿದವು. ನಡುವೆ ಒಬ್ಬರು ಎದ್ದು ಓಡಾಡಿದರೂ ಚಿತ್ರ ಕೆಡಬಹುದು. ರೂಮಿನಿಂದ ರೂಮಿಗೆ ಅಂತ ಯಾರಾದರೂ ಇದನ್ನು ಮಾರಲು ಬಂದರೆ ನಮಸ್ಕಾರ ಹೇಳಿ ಬನ್ನಿ.

ಕೊಳ್ಳುವ ಮುಂಚೆ ಬಿಟ್ಟಿಯಾಗಿ ಒಂದು ಪರೀಕ್ಷೆ ಮಾಡಬಹುದು. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಆರಿಸಿ, ಹಾಲ್‌ನ ಟಿವಿ ಹಿಂದೆ ಇಡಿ. ಇನ್ನೊಂದು ಫೋನಿನಲ್ಲಿ ವೈಫೈ ಬಲ ತೋರಿಸುವ ಯಾವುದಾದರೂ ಉಚಿತ ಆಪ್ ಹಾಕಿಕೊಂಡು ರೂಮಿನ ಟಿವಿ ಹತ್ತಿರ ಹೋಗಿ, ಬಾಗಿಲು ಹಾಕಿ ನೋಡಿ. ಅಂಕಿ ಮೈನಸ್‌ನಲ್ಲಿ ಕಾಣುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 60ರ ಆಸುಪಾಸು ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಮೈನಸ್ 75 ದಾಟಿದರೆ ಆ ಡಬ್ಬಿ ನಿಮ್ಮ ಮನೆಗಲ್ಲ. ಮಹಡಿ ಮೇಲಿನ ರೂಮಿಗೆ ಹೆಚ್ಚಾಗಿ ಬರೋದು ಈ ಎರಡನೇ ಉತ್ತರವೇ.

ಕೊಳ್ಳುವಾಗ ನೋಡಬೇಕಾದ್ದು ಏನೇನು? ಕಳಿಸುವ ಡಬ್ಬಿಯಲ್ಲಿ ಎಚ್‌ಡಿಎಂಐ ಒಳಗೆ ಹೋಗುವ ತೂತಿನ ಜೊತೆ ಹೊರಗೆ ಬರುವ ತೂತೂ ಇರಬೇಕು. ಇಲ್ಲದಿದ್ದರೆ ಹಾಲ್‌ನ ಟಿವಿಗೆ ಕೊಡಲು, ಒಂದು ಸಿಗ್ನಲ್ಲನ್ನು ಎರಡು ಮಾಡುವ ಬೇರೆ ಸ್ಪ್ಲಿಟರ್ ತರಬೇಕಾಗುತ್ತದೆ. ರಿಮೋಟ್‌ನ ಇನ್‌ಫ್ರಾರೆಡ್ ಕಿರಣವನ್ನು ರೂಮಿನಿಂದ ಹಾಲ್‌ಗೆ ತಲುಪಿಸುವ ಪುಟ್ಟ ‘ಐಆರ್’ ವೈರುಗಳೂ ಜೊತೆಗಿರಬೇಕು. ಒಂದರ ತುದಿಯನ್ನು ಸೆಟ್‌ಟಾಪ್ ಬಾಕ್ಸ್‌ನ ಮುಂಭಾಗದಲ್ಲಿ, ರಿಮೋಟ್‌ನ ಕಿರಣ ಬೀಳುವ ಕಡೆಗೇ ಅಂಟಿಸಬೇಕು. ಅರ್ಧ ಇಂಚು ಆಚೀಚೆ ಆದರೂ ಚಾನೆಲ್ ಬದಲಾಗೋಲ್ಲ. ನಿಮ್ಮ ಬಾಕ್ಸ್ ಆಂಡ್ರಾಯ್ಡ್‌ನದ್ದಾಗಿ, ರಿಮೋಟ್ ಬ್ಲೂಟೂತ್‌ನದ್ದಾದರೆ ಈ ವೈರಿಗೆ ಕೆಲಸವಿಲ್ಲ. ಆ ರಿಮೋಟ್ ಒಂದು ಗೋಡೆಯನ್ನು ತಾನೇ ದಾಟುತ್ತದೆ.

ಎಲ್ಲ ಜೋಡಿಸಿದ ಮೇಲೂ ರೂಮಿನ ಟಿವಿ ಕಪ್ಪಗೇ ಇದ್ದರೆ ಡಬ್ಬಿ ಕೆಟ್ಟಿದೆ ಅಂತ ತಕ್ಷಣ ವಾಪಸ್ ಕಳಿಸಬೇಡಿ. ಎಚ್‌ಡಿಎಂಐನಲ್ಲಿ ನಕಲು ತಡೆಯುವ ಎಚ್‌ಡಿಸಿಪಿ ಅನ್ನುವ ಬೀಗವಿದೆ. ಬಾಕ್ಸ್ 4ಕೆಯಲ್ಲಿ ಹೊಸ ಬೀಗ ಹಾಕಿ ಕಳಿಸುತ್ತಿದ್ದು, ಹಳೇ ಟಿವಿ ಅಥವಾ ಅಗ್ಗದ ಡಬ್ಬಿಗೆ ಅದು ಗೊತ್ತಿಲ್ಲದಿದ್ದರೆ ಪರದೆ ಕಪ್ಪಾಗುತ್ತದೆ. ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ 1080ಪಿಗೆ, ಅಂದರೆ ಪೂರ್ತಿ ಎಚ್‌ಡಿಗೆ, ಇಳಿಸಿದರೆ ಬಹಳ ಸಲ ಸರಿಹೋಗುತ್ತದೆ.

ಇಷ್ಟೆಲ್ಲ ಆದರೂ ಒಂದು ಮಿತಿ ಉಳಿದೇ ಉಳಿಯುತ್ತದೆ. ಬಾಕ್ಸ್ ಒಂದೇ ಆದ್ದರಿಂದ ಎರಡೂ ಕಡೆ ಒಂದೇ ಚಾನೆಲ್. ಅಪ್ಪ ರೂಮಿನಲ್ಲಿ ನ್ಯೂಸ್‌ಗೆ ಬದಲಿಸಿದರೆ ಹಾಲ್‌ನಲ್ಲಿ ಅಮ್ಮನ ಧಾರಾವಾಹಿ ಮಾಯ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ, ಊಟದ ತನಕ ಹಾಲ್‌ನಲ್ಲಿ ನೋಡಿ ಆಮೇಲೆ ರೂಮಿಗೆ ಹೋಗಿ ಅದನ್ನೇ ಮುಂದುವರಿಸುವವರಿಗೆ ಇದು ಒಪ್ಪುತ್ತದೆ. ಏಳೆಂಟು ಜನರ ಮನೆಗೆ ಖಂಡಿತ ಬೇಡ.

ಹಳದಿ, ಕೆಂಪು, ಬಿಳಿ ಪಿನ್ನಿನ ಹಳೇ 2.4 ಗಿಗಾಹರ್ಟ್ಸ್ ಎವಿ ಸೆಂಡರ್‌ಗಳು (ಚಿತ್ರ, ಸದ್ದು ಕಳಿಸುವ ಹಳೇ ಜೋಡಿ ಡಬ್ಬಿಗಳು) ಈಗಲೂ ಅಲ್ಲಲ್ಲಿ ಅಗ್ಗಕ್ಕೆ ಸಿಗುತ್ತವೆ. ದಪ್ಪ ಡಬ್ಬದ ಟಿವಿ ಇನ್ನೂ ಇಟ್ಟುಕೊಂಡವರಿಗೆ ಆಸೆಯಾಗಬಹುದು. ಬೇಡ. ಚಿತ್ರ ಮಸುಕು, ಮೈಕ್ರೋವೇವ್ ಹಾಕಿದರೆ ಗೆರೆ, ಅದನ್ನು ಆನ್ ಮಾಡಿದರೆ ಮನೆಯ ವೈಫೈಗೂ ತೊಂದರೆ. ವಿದೇಶಿ ಸೈಟುಗಳಲ್ಲಿ ಕಾಣುವ 1.2 ಗಿಗಾಹರ್ಟ್ಸ್‌ನವಂತೂ ಮುಟ್ಟಲೇಬೇಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮನೆಬಳಕೆಗೆ ಬಿಟ್ಟಿರುವ ತರಂಗಪಟ್ಟಿಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಇವೆ, 1.2 ಇಲ್ಲ. 5ರ ಪಟ್ಟಿಯನ್ನು ಅಗಲವಾಗಿ ತೆರೆದದ್ದೇ 2018ರಲ್ಲಿ.

ಇನ್ನೊಂದು ಬಾಕ್ಸ್ ತಗೊಂಡರೆ?

ಇದನ್ನು ಯಾರೂ ಮೊದಲು ಯೋಚಿಸೋಲ್ಲ. ಅದೇ ಹೆಸರಿನಲ್ಲಿ ಎರಡನೇ ಡಿಟಿಎಚ್ ಕನೆಕ್ಷನ್ ತೆಗೆದುಕೊಂಡರೆ ಚಾನೆಲ್ ಜಗಳ ಇಲ್ಲ, ತಡ ಇಲ್ಲ, ಅಜ್ಜಿಗೂ ಒಂದೇ ರಿಮೋಟ್. ತಿಂಗಳಿಗೆ 150 ರೂಪಾಯಿ ಹೆಚ್ಚು ಬೀಳುತ್ತದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,800 ಆಯಿತು. 7,200 ರೂಪಾಯಿಯ ವೈರ್‌ಲೆಸ್ ಡಬ್ಬಿಯ ದುಡ್ಡಿನಲ್ಲಿ ನಾಲ್ಕು ವರ್ಷ ನಡೆಯುತ್ತದೆ. ನಿಮ್ಮ ಕಂಪನಿ ಎಷ್ಟು ಹೇಳುತ್ತದೋ ಆ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಎರಡನೇ ಟಿವಿಗೆ ರಿಯಾಯಿತಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಹೇಳೋಲ್ಲ. ತೊಡಕು ಅಂದರೆ ಟೆರೇಸಿನ ಡಿಶ್‌ನಿಂದ ರೂಮಿಗೆ ಇನ್ನೊಂದು ಕೇಬಲ್ ಇಳಿಸಬೇಕು. ಅದು ಹೊರಗೋಡೆ ಮೇಲೆ ಬಂದು ಕಿಟಕಿಯಲ್ಲಿ ಒಳಗೆ ಬಂದರೆ ಓನರ್‌ಗಳು ಸಾಮಾನ್ಯವಾಗಿ ಒಪ್ಪುತ್ತಾರೆ.

ತಿಂಗಳ ಬಾಡಿಗೆಯೇ ಬೇಡ, ಸಂಜೆ ಚಂದನ ನೋಡಿದರೆ ಸಾಕು, ದಸರಾ ಜಂಬೂ ಸವಾರಿ ನೇರಪ್ರಸಾರ ಬಂದರೆ ಸಾಕು ಅನ್ನುವ ಹಿರಿಯರ ರೂಮಿಗೆ ಡಿಡಿ ಫ್ರೀ ಡಿಶ್ ಹಾಕಿಸಬಹುದು. ಡಿಶ್, ಬಾಕ್ಸ್ ಒಂದು ಸಲ ಕೊಂಡರೆ ಮುಗಿಯಿತು. ಇದಕ್ಕೆ ಸಾಮಾನ್ಯವಾಗಿ ಬೇರೆ ಡಿಶ್ಶೇ ಬೇಕು, 93.5 ಡಿಗ್ರಿ ಪೂರ್ವದ ಉಪಗ್ರಹದ ಕಡೆಗೆ ತಿರುಗಿಸಬೇಕು. ಖಾಸಗಿ ಕನ್ನಡ ಧಾರಾವಾಹಿಗಳನ್ನು ನಂಬಿಕೊಂಡು ಮಾತ್ರ ಹಾಕಿಸಬೇಡಿ.

ತಂತಿಗೆ ಪೂರ್ತಿ ಬೆನ್ನು ತಿರುಗಿಸಬೇಡಿ

ಸ್ವಂತ ಮನೆಯವರಿಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಕಟ್ಟುವಾಗಲೇ ಹಾಲ್‌ನಿಂದ ರೂಮಿಗೆ ಟಿವಿ ಕೇಬಲ್‌ಗೆ ಅಂತ ಗೋಡೆಯೊಳಗೆ ಪೈಪ್ ಹಾಕಿರುತ್ತಾರೆ. ಸ್ವಿಚ್ ಬೋರ್ಡ್ ಪಕ್ಕ ಖಾಲಿ ಪ್ಲೇಟ್ ಒಂದಿದ್ದರೆ ಬಿಚ್ಚಿ ನೋಡಿ. ಪೈಪ್ ಸಿಕ್ಕಿದರೆ ಎಲೆಕ್ಟ್ರಿಷಿಯನ್ ಒಳಗೆ ತಂತಿ ಬಿಟ್ಟು, ನೆಟ್‌ವರ್ಕ್‌ಗೆ ಬಳಸುವ ಒಂದು ಕ್ಯಾಟ್ 6 ಕೇಬಲ್ ಎಳೆದು ಕೊಡುತ್ತಾರೆ. ಎರಡು ತುದಿಗೆ, ಚಿತ್ರವನ್ನು ಆ ಕೇಬಲ್‌ನಲ್ಲಿ ಸಾಗಿಸುವ ಎಚ್‌ಡಿಎಂಐ ಎಕ್ಸ್‌ಟೆಂಡರ್ ಜೋಡಿ ಹಾಕಿದರೆ ಎರಡು ಮೂರು ಸಾವಿರದಲ್ಲಿ ಕೆಲಸ ಮುಗಿಯುತ್ತದೆ. ಗೋಡೆ ಎಷ್ಟೇ ದಪ್ಪ ಇರಲಿ, ಪಕ್ಕದ ಮನೆಯವರ ವೈಫೈ ಎಷ್ಟೇ ಇರಲಿ, ಚಿತ್ರ ಅಲುಗಾಡೋಲ್ಲ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಅಗ್ಗದ ಮಾಲೂ ಅದೇ ಬಣ್ಣದ ಹೊದಿಕೆಯಲ್ಲಿ ಬರುತ್ತದೆ. ಚಾಕುವಿನಿಂದ ತುದಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಇದನ್ನು ಎಳೆಸಬೇಡಿ.

ಅದೇ ಕೇಬಲ್‌ನ ಇನ್ನೊಂದು ಉಪಯೋಗ ನನಗೆ ಹೆಚ್ಚು ಇಷ್ಟ. ಮೂಲೆಯಲ್ಲಿ ಬಿದ್ದಿರುವ ಹಳೇ ರೂಟರನ್ನು ರೂಮಿನಲ್ಲಿಟ್ಟು, ಅದರಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್‌ನ ಒಂದು ತುದಿಯನ್ನು ಮುಖ್ಯ ರೂಟರ್‌ಗೂ ಇನ್ನೊಂದನ್ನು ಇದರ ಲ್ಯಾನ್ ತೂತಿಗೂ ಸಿಕ್ಕಿಸಿದರೆ ರೂಮಿಗೆ ತಾಜಾ ವೈಫೈ ಬರುತ್ತದೆ. ಅಂಗಡಿಯವರು ಕೊಡುವ ಅಗ್ಗದ ವೈಫೈ ಎಕ್ಸ್‌ಟೆಂಡರ್‌ಗಿಂತ ಇದು ಎಷ್ಟೋ ಮೇಲು. ಆ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮದುವೆ ವಿಡಿಯೊ, ಪೆನ್ ಡ್ರೈವ್‌ನ ಸಿನಿಮಾ ಇಂಥವನ್ನು ರೂಮಿನಿಂದ ರೂಮಿಗೆ ವೈರ್‌ಲೆಸ್‌ನಲ್ಲಿ ಕಳಿಸೋದು ಹೇಗೆ ಅಂತಲೂ ಕೇಳುತ್ತಾರೆ. ಪೆನ್ ಡ್ರೈವ್ ಕೈಯಲ್ಲಿ ಹಿಡಿದು ನಡೆದುಕೊಂಡು ಹೋಗಿ! ದೊಡ್ಡ ಫೈಲ್ ಟಿವಿಗೆ ಹಾಕಬೇಕಾದರೆ ಒಂದು ಗಮನಿಸಿ, ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಕೂರೋಲ್ಲ. ಫೈಲುಗಳು ನೂರಾರು ಇದ್ದರೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಉಚಿತವಾಗಿ ಸಿಗುವ, ಮನೆಯ ಟಿವಿಗಳಿಗೆಲ್ಲ ಫೈಲ್ ಹಂಚುವ ಜೆಲ್ಲಿಫಿನ್ ಸಾಫ್ಟ್‌ವೇರ್ ಹಾಕಿ, ಅಥವಾ ಫೋಲ್ಡರ್ ಷೇರ್ ಮಾಡಿ ಸ್ಟಿಕ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿ. ಎಲ್ಲ ರೂಮಿನಲ್ಲೂ ಸಿಗುತ್ತದೆ.

ಬರೀ ಸದ್ದು ಸಾಕು ಅನ್ನುವವರಿಗೆ

ಕಿವಿ ಮಂದವಾದ ಹಿರಿಯರಿಗೆ ಬ್ಲೂಟೂತ್ ಹೆಡ್‌ಫೋನ್ ಕೊಡಿಸಿದರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಎರಡು ತೊಡಕುಗಳಿವೆ. ಒಂದು, ಮೊದಲು ಹೇಳಿದ ತಡ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಸಾವಿರದಲ್ಲಿ 150ರಿಂದ 250 ಭಾಗದಷ್ಟು ಹಿಂದೆ ಬೀಳುತ್ತದೆ, 125ರ ಗೆರೆ ದಾಟಿಬಿಟ್ಟಿತು. ವಾರ್ತೆ ಓದುವವರ ತುಟಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಡಿಲೇ ಹೊಂದಿಸುವ ಅವಕಾಶ ಕೆಲವು ಟಿವಿಗಳಲ್ಲಿದೆ. ಇಲ್ಲದಿದ್ದರೆ ‘ಆಪ್ಟ್‌ಎಕ್ಸ್ ಲೋ ಲೇಟೆನ್ಸಿ’ ಇರುವ ಟ್ರಾನ್ಸ್‌ಮಿಟರ್ ಮತ್ತು ಹೆಡ್‌ಫೋನ್ ಎರಡೂ ಬೇಕು. ಆಗ ತಡ 40ರ ಆಸುಪಾಸಿಗೆ ಇಳಿಯುತ್ತದೆ. ಒಂದರಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ.

ಎರಡನೇ ತೊಡಕು ಇನ್ನೂ ತಮಾಷೆಯದು. ಬಹಳಷ್ಟು ಟಿವಿಗಳಲ್ಲಿ ಬ್ಲೂಟೂತ್ ಜೋಡಿಸಿದ ಕೂಡಲೇ ಟಿವಿ ಸ್ಪೀಕರ್ ಬಂದ್ ಆಗುತ್ತದೆ. ತಾತನಿಗೆ ಕೇಳುತ್ತದೆ, ಮಿಕ್ಕವರಿಗೆ ಮೂಕಿ ಚಿತ್ರ. ಹೆಡ್‌ಫೋನ್ ಜ್ಯಾಕ್‌ಗೆ ಟ್ರಾನ್ಸ್‌ಮಿಟರ್ ಸಿಕ್ಕಿಸಿದರೂ ಇದೇ ಕಥೆ. ಟಿವಿ ಹಿಂದೆ ‘ಆಪ್ಟಿಕಲ್’ ಅಂತ ಬರೆದ, ಪುಟ್ಟ ಮುಚ್ಚಳದ ಚೌಕ ತೂತು ಇರುತ್ತದೆ ನೋಡಿ, ಅದರಿಂದ ತೆಗೆದುಕೊಂಡರೆ ಸಾಮಾನ್ಯವಾಗಿ ಸ್ಪೀಕರ್ ಸದ್ದು ಉಳಿಯುತ್ತದೆ. ಆಪ್ಟಿಕಲ್ ಇರುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಾವಿರದಿಂದ ಎರಡು ಸಾವಿರದೊಳಗೆ ಸಿಗುತ್ತದೆ. ಸಿಕ್ಕಿಸಿದ ಮೇಲೆ ಏನೂ ಕೇಳಿಸದಿದ್ದರೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಆಡಿಯೊವನ್ನು ‘ಪಿಸಿಎಂ’ (ಕುಗ್ಗಿಸದ ಸಾದಾ ಸದ್ದು) ಅಂತ ಬದಲಿಸಿ. ನೂರಕ್ಕೆ ತೊಂಬತ್ತು ಸಲ ಅಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ.

ರೇಡಿಯೊ ತರಂಗದ ಹಳೇ ಮಾದರಿಯ ವೈರ್‌ಲೆಸ್ ಹೆಡ್‌ಫೋನ್‌ಗಳಿವೆ, ಟಿವಿ ಹತ್ತಿರ ಒಂದು ಸ್ಟ್ಯಾಂಡು, ಅದರ ಮೇಲಿಟ್ಟರೆ ಚಾರ್ಜ್. ಸ್ವಲ್ಪ ಸುಯ್ ಅನ್ನುತ್ತವೆ. ಆದರೆ ತಡ ಗೊತ್ತಾಗೋದೇ ಇಲ್ಲ, ಗೋಡೆ ದಾಟುತ್ತವೆ, ಜೋಡಿಸುವ ತಲೆನೋವಿಲ್ಲ. ಎಪ್ಪತ್ತು ದಾಟಿದವರಿಗೆ ನಾನಾದರೆ ಇದನ್ನೇ ಕೊಡಿಸುತ್ತೇನೆ.

ಮನೆ ತುಂಬ ಹಾಡು ಕೇಳಿಸಬೇಕು ಅನ್ನುವವರು ಎರಡು ರೂಮಿನಲ್ಲಿ ಎರಡು ಬ್ಲೂಟೂತ್ ಸ್ಪೀಕರ್ ಇಟ್ಟು ನೋಡಿರುತ್ತಾರೆ. ಒಂದು ಮುಂದೆ, ಒಂದು ಹಿಂದೆ. ಒಂದೇ ಕಂಪನಿಯ ಸ್ಮಾರ್ಟ್ ಸ್ಪೀಕರ್‌ಗಳನ್ನು ವೈಫೈನಲ್ಲಿ ಗುಂಪು ಮಾಡಿದರೆ ಅವು ತಮ್ಮೊಳಗೆ ಹೊಂದಿಸಿಕೊಂಡು ಒಟ್ಟಿಗೆ ಹಾಡುತ್ತವೆ. ಎರಡಕ್ಕೆ ಎಂಟು ಹತ್ತು ಸಾವಿರವಾಗುತ್ತದೆ. ಒಂದು ರೂಮಿಗಷ್ಟೇ ಬೇಕು, ಹಳೇ ಸ್ಟೀರಿಯೊ ಚೆನ್ನಾಗಿದೆ ಅನ್ನುವುದಾದರೆ ಐನೂರು ರೂಪಾಯಿಯ ಆಸುಪಾಸಿನ ಬ್ಲೂಟೂತ್ ರಿಸೀವರ್ ಒಂದನ್ನು ಅದರ ಆಕ್ಸ್ ತೂತಿಗೆ (ಹೊರಗಿನ ಸದ್ದು ಕೊಡುವ ಜಾಗ) ಹಾಕಿ. ಆ ಸ್ಪೀಕರಿನ ಸದ್ದು ಈಗಿನ ಡಬ್ಬಿಗಳಿಗೆ ಬರೋಲ್ಲ.

ಬೆಳಗ್ಗೆ ಸುಪ್ರಭಾತ, ವಾರ್ತೆ ಮಾತ್ರ ಸಾಕಾದವರಿಗೆ ಇನ್ನೂ ಅಗ್ಗದ ದಾರಿ ಇದೆ. ಅಡುಗೆಮನೆಗೊಂದು, ರೂಮಿಗೊಂದು ಎಫ್‌ಎಂ ರೇಡಿಯೊ ಇಟ್ಟು ಎರಡರಲ್ಲೂ ಮೈಸೂರು ಆಕಾಶವಾಣಿಯ 100.6 ಹಾಕಿ. ಎರಡೂ ಕಡೆ ಒಂದೇ ಕ್ಷಣಕ್ಕೆ ಕೇಳಿಸುತ್ತದೆ, ನೆಟ್ ಬೇಡ, ಆಪ್ ಬೇಡ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ ಊರಿನವರು ನಾವು, ಇಷ್ಟಾದರೂ ಅಭಿಮಾನ ಇರಲಿ ಅಲ್ವಾ.

ಹಾಗಾದರೆ ಯಾರಿಗೆ ಯಾವುದು

ಬಾಡಿಗೆ ಮನೆ, ನೆಟ್ ಇದೆ, ಐದು ಸಾವಿರದೊಳಗೆ ಮುಗಿಯಬೇಕು: ಸ್ಟಿಕ್. ಮನೆ ಬದಲಿಸಿದರೆ ಜೇಬಿಗೆ ಹಾಕಿಕೊಂಡು ಹೋಗಬಹುದು. ನೆಟ್ ಇಲ್ಲ, ಡಿಟಿಎಚ್ ಮಾತ್ರ, ಮನೆ ತುಂಬ ಜನ: ಎರಡನೇ ಬಾಕ್ಸ್. ಕ್ರಿಕೆಟ್ ಹುಚ್ಚು ಜಾಸ್ತಿ ಇರುವ ಮನೆಗೂ ಇದೇ. ಸ್ವಂತ ಮನೆ, ಗೋಡೆಯಲ್ಲಿ ಪೈಪ್ ಇದೆ ಅಂದರೆ ಬೇರೆ ಯೋಚನೆಯೇ ಬೇಡ, ಕೇಬಲ್ ಎಳೆಸಿ. ಮನೆಯಲ್ಲಿ ಇಬ್ಬರೇ, ಬಾಕ್ಸ್ ಒಂದೇ, ಹಾಲ್‌ಗೂ ರೂಮಿಗೂ ನಡುವೆ ಒಂದೇ ಇಟ್ಟಿಗೆ ಗೋಡೆ, ತಂತಿ ಎಳೆಯುವಂತಿಲ್ಲ, ತಿಂಗಳ ಖರ್ಚೂ ಬೇಡ: ಈ ಐದೂ ಒಟ್ಟಿಗೆ ಕೂಡಿಬಂದರೆ ಮಾತ್ರ ವೈರ್‌ಲೆಸ್ ಎಚ್‌ಡಿಎಂಐ. ಅಗ್ರಹಾರದ ದಪ್ಪ ಗೋಡೆ ಮನೆಯವರು ಅದನ್ನು ಮರೆತುಬಿಡಿ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಕಡೆ ವೈಫೈ ಆಧಾರಿತ ಯಾವುದೇ ಏರ್ಪಾಡಿಗೆ ರೂಟರ್‌ಗೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಸೇರಿಸಿಕೊಳ್ಳಿ. ಒಂದೂವರೆ ಸಾವಿರದ ಆಸುಪಾಸಿನಲ್ಲಿ ಬರುತ್ತದೆ. ಟಿವಿ ಇನ್ವರ್ಟರ್ ಮೇಲೆ ಓಡುತ್ತಿದ್ದರೂ ರೂಟರ್ ಆಫ್ ಆಗಿದ್ದರೆ ಏನೂ ಬರೋಲ್ಲ.

ವೈರ್‌ಲೆಸ್ ಡಬ್ಬಿಯನ್ನೇ ಕೊಳ್ಳುವವರು ದೇವರಾಜ ಅರಸ್ ರಸ್ತೆಯ ಅಂಗಡಿಯಲ್ಲಾಗಲಿ, ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ, ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿಕೊಂಡೇ ದುಡ್ಡು ಕೊಡಿ. ಅಂಗಡಿಯಲ್ಲಿ ತೋರಿಸುವ ಡೆಮೊದಲ್ಲಿ ನಡುವೆ ಗೋಡೆ ಇರೋದಿಲ್ಲ. ಮನೆಗೆ ತಂದ ಮೇಲೆ ಪರೀಕ್ಷೆ ಮಾಡುವುದನ್ನು ಮಧ್ಯಾಹ್ನ ಮುಗಿಸಬೇಡಿ. ರಾತ್ರಿ ಎಂಟರಿಂದ ಒಂಬತ್ತರ ನಡುವೆ, ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಓಡುತ್ತಿರುವಾಗ, ರೂಮಿನ ಬಾಗಿಲು ಹಾಕಿಕೊಂಡು ಒಂದು ಪೂರ್ತಿ ಧಾರಾವಾಹಿ ನೋಡಿ. ಚಿತ್ರ ಅಲ್ಲಲ್ಲಿ ಚೌಕಚೌಕವಾಗಿ ಒಡೆದರೆ ಮಾರನೇ ದಿನವೇ ಬಿಲ್ ಸಮೇತ ವಾಪಸ್ ಕೊಡಿ.